ಫ್ರೀ ಹಾಡಿಗೆ ತಿಂಗಳ ಚಂದಾ ಯಾರು ಕೊಡ್ತಾರೆ?

ಪ್ರಶ್ನೆ: ನಾನೇ ಹಾಡು ಬರೆದು, ಹಾಡಿ, ರೆಕಾರ್ಡ್ ಮಾಡಿ ನೆಟ್‌ಗೆ ಹಾಕ್ತೀನಿ. ಕೇಳೋರು ಇದಾರೆ, ಕಾಸು ಮಾತ್ರ ಬರಲ್ಲ. ಪೇಟ್ರಿಯಾನ್ ಥರದ, ಫ್ಯಾನ್ಸ್ ಕಲಾವಿದರಿಗೆ ನೇರವಾಗಿ ದುಡ್ಡು ಕೊಡೋ ಸೈಟಲ್ಲಿ ತಿಂಗಳ ಚಂದಾ ಇಡು ಅಂತಾರೆ ಫ್ರೆಂಡ್ಸ್. ಫ್ರೀಯಾಗಿ ಸಿಗೋ ಹಾಡಿಗೆ ಯಾರು ಸರ್ ದುಡ್ಡು ಕೊಡ್ತಾರೆ?

ಉತ್ತರ: ಕಾಸು ಬರದೇ ಇರೋದ್ರಲ್ಲಿ ಆಶ್ಚರ್ಯ ಏನಿಲ್ಲ, ಸ್ಪಾಟಿಫೈನಲ್ಲಿ 2024ರಿಂದ 12 ತಿಂಗಳಲ್ಲಿ 1000 ಸಲ ಪ್ಲೇ ಆಗದ ಹಾಡಿಗೆ ರಾಯಲ್ಟಿನೇ ಇಲ್ಲ. ಪೇಟ್ರಿಯಾನ್ ಹುಟ್ಟಿದ್ದೂ ಇಂಥದೇ ಸಂಕಟದಿಂದ. 2013ರಲ್ಲಿ ಸ್ಯಾಮ್ ಯಾಮ್ ಜೊತೆ ಸೇರಿ ಅದನ್ನ ಶುರು ಮಾಡಿದ ಜ್ಯಾಕ್ ಕಾಂಟೆ ಸ್ವತಃ ಮ್ಯುಸಿಷಿಯನ್ನು, ಕಷ್ಟಪಟ್ಟು ಮಾಡಿದ ವೀಡಿಯೋಗೆ ಜಾಹೀರಾತಿನಿಂದ ಬರೋದು ಯಾವ ಮೂಲೆಗೂ ಸಾಲ್ತಿರಲಿಲ್ಲ.

ಈಗ ನಿಮ್ಮ ಪ್ರಶ್ನೆ. ಮುಗಿದ ಹಾಡು ಎಲ್ಲಾ ಕಡೆ ಫ್ರೀಯಾಗೇ ಇರಲಿ ಬಿಡಿ. ಚರಣದ ಎರಡನೇ ಸಾಲಿಗೆ ಪದ ಸಿಗದೆ ಬರೀ "ಲಲಲಾ" ಅಂತ ಗುನುಗಿ ಫೋನಲ್ಲಿ ಹಿಡಿದಿಟ್ಟಿರ್ತೀರಲ್ಲ, ಆಮೇಲೆ ಶ್ರುತಿ ಎತ್ತರ ಆಯ್ತು ಅಂತ ಅರ್ಧಕ್ಕೇ ನಿಲ್ಲಿಸಿದ್ದು, ಆಮೇಲೆ ಪಲ್ಲವಿನೇ ಬದಲಾಯಿಸಿದ್ದು, ಈ ಮೂರನ್ನೂ ಸಾಲಾಗಿ ಹಾಕಿ "ಇದು ಹೀಗಿತ್ತು, ಹೀಗಾಯ್ತು" ಅಂತ ನಾಲ್ಕು ಮಾತು ಬರೀರಿ. ನಿಮ್ಮ ಹಾಡನ್ನ ನಿಜವಾಗ್ಲೂ ಹಚ್ಚಿಕೊಂಡೋರು ಇಂಥದಕ್ಕೆ ಕೊಡ್ತಾರೆ. ಎಷ್ಟು ಜನ? ಕಮ್ಮಿನೇ. ಸಾವಿರಾರು ಫಾಲೋವರ್ಸ್ ಇದಾರೆ, ಅಷ್ಟೂ ಜನ ಬರ್ತಾರೆ ಅಂತ ಲೆಕ್ಕ ಹಾಕ್ಬೇಡಿ, ಬೆರಳೆಣಿಕೆಯಷ್ಟು ಜನ ಬಂದ್ರೂ ತಿಂಗಳು ತಿಂಗಳು ಬರೋ ದುಡ್ಡದು, ಅದರ ಬೆಲೆನೇ ಬೇರೆ.

ಪ್ರಶ್ನೆ: ಕಮಿಷನ್ ಎಷ್ಟು ಹಿಡೀತಾರೆ? ಚಂದಾ ಒಂದು ಡಾಲರ್ ಇಟ್ರೆ ಜಾಸ್ತಿ ಜನ ಸೇರಲ್ವಾ?

ಉತ್ತರ: ಪೇಟ್ರಿಯಾನ್‌ನಲ್ಲಿ 2025ರ ಆಗಸ್ಟ್ ನಂತರ ಹೊಸದಾಗಿ ಸೇರೋ ಕಲಾವಿದರಿಗೆ 10%. ಕಲಾವಿದರು ಹಾಡು ಮಾರೋ ಸೈಟು ಬ್ಯಾಂಡ್‌ಕ್ಯಾಂಪ್‌ನಲ್ಲೂ ಚಂದಾ ಇಡಬಹುದು, ಅಲ್ಲಿ ಡಿಜಿಟಲ್ ಮಾರಾಟಕ್ಕೆ 15%, ಮಾರಾಟ 5000 ಡಾಲರ್ ದಾಟಿದ್ರೆ 10% ಆಗುತ್ತೆ. ಪೇಮೆಂಟ್ ಚಾರ್ಜು ಇದರ ಮೇಲೆ ಬೇರೆ, ಮತ್ತೆ ಸಣ್ಣ ಚಂದಾನ ನುಂಗೋದೇ ಈ ಚಾರ್ಜು, ಯಾಕಂದ್ರೆ ಮೊತ್ತ ಎಷ್ಟೇ ಇರಲಿ ಪ್ರತಿ ಸಲ ಇಷ್ಟು ಅಂತ ಒಂದು ಫಿಕ್ಸೆಡ್ ಭಾಗ ಅದರಲ್ಲಿರುತ್ತೆ. 2017ರ ಡಿಸೆಂಬರ್‌ನಲ್ಲಿ ಪೇಟ್ರಿಯಾನ್ ಈ ಚಾರ್ಜನ್ನ, ಅಂದ್ರೆ 2.9% ಜೊತೆಗೆ 35 ಸೆಂಟು, ಫ್ಯಾನ್ಸ್ ತಲೆಗೇ ಕಟ್ಟೋಕೆ ಹೊರಟಿತ್ತು. ಒಂದು ಡಾಲರ್ ಕೊಡೋನು 1.38 ಕೊಡಬೇಕು! ಹತ್ತಾರು ಕಲಾವಿದರಿಗೆ ಒಂದೊಂದು ಡಾಲರ್ ಹಂಚ್ತಿದ್ದೋರು ರೇಗಿ ಚಂದಾ ಕ್ಯಾನ್ಸಲ್ ಮಾಡೋಕೆ ಶುರು ಮಾಡಿದ್ರು, ಕಂಪನಿ ಕೆಲವೇ ದಿನದಲ್ಲಿ ಕ್ಷಮೆ ಕೇಳಿ ವಾಪಸ್ ತಗೊಳ್ತು. ಹಂಗಾಗಿ ಒಂದು ಡಾಲರ್ ಬೇಡ, ಮೂರೋ ಐದೋ ಇಡಿ.

ಇನ್ನೊಂದು, ಫ್ಯಾನ್ಸ್ ಐಫೋನಿನ ಪೇಟ್ರಿಯಾನ್ ಆಪ್ ಒಳಗಿಂದ ಸೇರಿದ್ರೆ ಆಪಲ್ 30% ತನಕ ಕತ್ತರಿ ಹಾಕೋ ಸಾಧ್ಯತೆ ಇದೆ, ಬ್ರೌಸರ್‌ನಲ್ಲಿ ತೆಗೆದು ಸೇರ್ಕೊಳ್ಳಿ ಅಂತ ಫ್ಯಾನ್ಸ್‌ಗೆ ಮೊದಲೇ ಹೇಳಿಬಿಡಿ.

ಪ್ರಶ್ನೆ: ಆ ಸೈಟೇ ಮುಚ್ಚಿಹೋದ್ರೆ?

ಉತ್ತರ: ಆಗಿದೆ. ಪ್ಲೆಜ್‌ಮ್ಯೂಸಿಕ್ ಅಂತ ಒಂದಿತ್ತು, ಆಲ್ಬಂಗೆ ಫ್ಯಾನ್ಸ್ ಮುಂಗಡ ದುಡ್ಡು ಕೊಡೋ ಜಾಗ. 2019ರಲ್ಲಿ ಮುಳುಗಿತು, ಎಷ್ಟೋ ಕಲಾವಿದರಿಗೆ ಬರಬೇಕಾದ ದುಡ್ಡು ಬರಲೇ ಇಲ್ಲ. ಬ್ಯಾಂಡ್‌ಕ್ಯಾಂಪ್ ಮುಚ್ಚಿಲ್ಲ ಸರಿ, ಆದ್ರೆ 2022ರಲ್ಲಿ ವಿಡಿಯೋ ಗೇಮ್ ಕಂಪನಿ ಎಪಿಕ್ ಗೇಮ್ಸ್ ಕೈಗೆ, 2023ರಲ್ಲಿ ಮ್ಯೂಸಿಕ್ ಲೈಸೆನ್ಸಿಂಗ್ ಕಂಪನಿ ಸಾಂಗ್‌ಟ್ರೇಡರ್ ಕೈಗೆ ಹೋಯ್ತು. ದುಡ್ಡನ್ನ ಅಲ್ಲೇ ಗುಡ್ಡೆ ಹಾಕದೆ ಆಗಾಗ ಬ್ಯಾಂಕಿಗೆ ಎಳ್ಕೊಳ್ಳಿ. ಚಂದಾದಾರರ ಇಮೇಲ್ ಪಟ್ಟಿನ ಪ್ರತಿ ತಿಂಗಳು ಡೌನ್‌ಲೋಡ್ ಮಾಡಿ ಇಟ್ಕೊಳ್ಳಿ, ನಾಳೆ ಬೇರೆ ಕಡೆ ಅಂಗಡಿ ತೆರೆದ್ರೆ ಕರೆಯೋಕೆ ಅದೊಂದೇ ದಾರಿ.

ಪ್ರಶ್ನೆ: ನಾನು ಆಗಲೇ ಶುರು ಮಾಡಿದೀನಿ. ದೊಡ್ಡ ಚಂದಾ ಕೊಡೋರಿಗೆ ತಿಂಗಳಿಗೊಂದು ಸ್ಪೆಷಲ್ ಹಾಡು ಅಂತ ಹೇಳಿ ಸಿಕ್ಕಿಹಾಕ್ಕೊಂಡೆ, ಸಾಕಾಗಿ ಹೋಗಿದೆ.

ಉತ್ತರ: ಆ ದೊಡ್ಡ ಚಂದಾಗೆ ಹೊಸಬರು ಸೇರೋದನ್ನ ಇವತ್ತೇ ನಿಲ್ಲಿಸಿ. ಬಾಕಿ ಇರೋ ಹಾಡು ಮುಗಿಸೋ ತನಕ ಒಂದು ತಿಂಗಳು ಬಿಲ್ಲಿಂಗ್ ನಿಲ್ಲಿಸಿಡಿ, ಪೇಟ್ರಿಯಾನ್‌ನಲ್ಲಿ ಆ ಸೌಲಭ್ಯ ಇದೆ. ಯಾಕೆ ನಿಲ್ಲಿಸಿದೆ ಅಂತ ಎರಡು ಸಾಲು ಬರೆದು ಹಾಕಿ, ಕಾರ್ಡಿಂದ ದುಡ್ಡು ಹೋಗ್ತಾ ಇದ್ದು ನೀವು ನಾಪತ್ತೆ ಆದ್ರೆ ಮಾತ್ರ ಜನ ಸಿಟ್ಟಾಗ್ತಾರೆ.