'ಐದು ವರ್ಷದಿಂದ' ಅಂದ್ರೆ ಸಿನ್ಸಾ, ಫಾರಾ?

ಈ ಸಲದ ಪತ್ರಗಳಲ್ಲಿ ತುಂಬಾ ಜನ 'ಮೇಡಂ, ನನ್ನ ಇಂಗ್ಲಿಷ್ ವೀಕು' ಅಂತಲೇ ಶುರು ಮಾಡಿದ್ದೀರಿ. ಹಾಗೆ ಅಂದ್ಕೋಬೇಡಿ. ನೀವು ಬರೆದು ಕಳಿಸಿರೋ ತಪ್ಪುಗಳಲ್ಲಿ ಹೆಚ್ಚಿನವು ಕನ್ನಡದ ರೂಲನ್ನ ಇಂಗ್ಲಿಷ್‌ಗೂ ಹಾಕಿದ್ದರಿಂದ ಆಗಿರೋವು, ಹಾಗಾಗಿ ಉತ್ತರಾನೂ ಕನ್ನಡದಿಂದಲೇ ಹುಡುಕೋಣ.

ಪ್ರಶ್ನೆ: ಇಂಟರ್‌ವ್ಯೂನಲ್ಲಿ 'ಐ ಆಮ್ ವರ್ಕಿಂಗ್ ಸಿನ್ಸ್ ಫೈವ್ ಇಯರ್ಸ್' ಅಂದೆ, ಎದುರಿಗೆ ಕೂತವರು ಅಲ್ಲೇ ತಿದ್ದಿದ್ರು. ಏನು ತಪ್ಪು ಅಂತ ಇವತ್ತಿಗೂ ಅರ್ಥ ಆಗಿಲ್ಲ.
– ದಾವಣಗೆರೆಯ ಓದುಗರು

ಉತ್ತರ: ಇದರಲ್ಲಿ ಎರಡು ತಪ್ಪು ಒಟ್ಟಿಗೆ ಬಂದಿವೆ. ನಾವು '2019ರಿಂದ' ಅಂತೀವಿ, 'ಐದು ವರ್ಷದಿಂದ' ಅಂತಲೂ ಅಂತೀವಿ, ಎರಡಕ್ಕೂ ಅದೇ 'ಇಂದ' ಸಾಕು. ಇಂಗ್ಲಿಷ್‌ನಲ್ಲಿ ಮಾತ್ರ ಅದು ಎರಡಾಗಿ ಒಡೆದುಹೋಗುತ್ತೆ, ಶುರುವಾದ ದಿನ ಹೇಳಿದ್ರೆ ಸಿನ್ಸ್, ಎಷ್ಟು ಕಾಲ ಅಂತ ಹೇಳಿದ್ರೆ ಫಾರ್. ಕ್ಲಾಸಲ್ಲಿ ನಾನು ಗೋಡೆ ಮೇಲಿನ ಕ್ಯಾಲೆಂಡರ್ ತೋರಿಸ್ತೀನಿ. 'ಇಲ್ಲಿಂದ' ಅಂತ ಬೆರಳಿಟ್ಟು ತೋರಿಸೋಕಾದ್ರೆ ಸಿನ್ಸ್: ಸಿನ್ಸ್ ಮಂಡೇ, ಸಿನ್ಸ್ ಯುಗಾದಿ, ಸಿನ್ಸ್ ಮೈ ಮ್ಯಾರೇಜ್. ಬೆರಳು ಮಡಚಿ ಎಣಿಸೋದಾದ್ರೆ ಫಾರ್: ಫಾರ್ ತ್ರೀ ಡೇಸ್, ಫಾರ್ ಫೈವ್ ಇಯರ್ಸ್.

ಎರಡನೇದು 'ಆಮ್ ವರ್ಕಿಂಗ್'. ಕನ್ನಡದಲ್ಲಿ 'ಕೆಲಸ ಮಾಡ್ತಿದ್ದೀನಿ' ಅನ್ನೋದು ಈ ಗಳಿಗೆಗೂ ನಡೆಯುತ್ತೆ, ಐದು ವರ್ಷದಿಂದ ಎಳ್ಕೊಂಡು ಬಂದಿರೋದಕ್ಕೂ ನಡೆಯುತ್ತೆ. ಇಂಗ್ಲಿಷ್‌ನಲ್ಲಿ ಹಿಂದೆ ಶುರುವಾಗಿ ಇನ್ನೂ ನಡೀತಿರೋದನ್ನ ಎಷ್ಟು ಕಾಲದಿಂದ ಅಂತ ಹೇಳೋವಾಗ ಬರೀ 'ಆಮ್' ಸಾಲದು, ಇಂಥ ಕಡೆ 'ಹ್ಯಾವ್ ಬೀನ್' ಹಾಕಿ. ಹಾಗಾಗಿ 'ಐ ಹ್ಯಾವ್ ಬೀನ್ ವರ್ಕಿಂಗ್ ಫಾರ್ ಫೈವ್ ಇಯರ್ಸ್' ಅನ್ನಿ. ನಾಲ್ಕು ದಿನ ಜೋರಾಗಿ ಹೇಳಿ ನೋಡಿ, ನಾಲಿಗೆಗೆ ಕೂರುತ್ತೆ.

ಪ್ರಶ್ನೆ: ಮಗಳು 'ಆ್ಯನ್ ಯೂನಿವರ್ಸಿಟಿ' ಅಂತ ಬರೆದಿದ್ದಕ್ಕೆ ಮಾರ್ಕ್ಸ್ ಹೋಯ್ತು. ಎ ಇ ಐ ಓ ಯು ಬಂದ್ರೆ 'ಆ್ಯನ್' ಅಂತಲೇ ಅವಳು ಕಲಿತಿರೋದು.
– ಹಾಸನದ ಓದುಗರು

ಉತ್ತರ: ಆ ರೂಲನ್ನ ಅರ್ಧ ಹೇಳಿಕೊಟ್ಟು ಬಿಡೋದು ನೋಡಿದ್ರೆ ನನಗೆ ನಿಜಕ್ಕೂ ಬೇಜಾರಾಗುತ್ತೆ. ನೋಡಬೇಕಾದ್ದು ಅಕ್ಷರ ಅಲ್ಲ, ಉಚ್ಚಾರಣೆ, ಮತ್ತೆ ಉಚ್ಚಾರಣೆ ಹಿಡಿಯೋಕೆ ಕನ್ನಡ ಲಿಪಿ ಎಷ್ಟು ಚೆನ್ನಾಗಿದೆ ಅಂದ್ರೆ, ಮಗಳಿಗೆ ಆ ಪದ ಕನ್ನಡದಲ್ಲಿ ಬರೆಯೋಕೆ ಹೇಳಿ ಸಾಕು. 'ಯೂನಿವರ್ಸಿಟಿ' ಶುರುವಾಗೋದು ಯಕಾರದಿಂದ, ಅದು ವ್ಯಂಜನ, ಹಾಗಾಗಿ 'ಎ ಯೂನಿವರ್ಸಿಟಿ'. ಅರವತ್ತು ನಿಮಿಷದ 'ಅವರ್' ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಎಚ್‌ನಿಂದ ಶುರುವಾದ್ರೂ ಕನ್ನಡದಲ್ಲಿ ಬರೆದ್ರೆ 'ಅ', ಸ್ವರ, ಹಾಗಾಗಿ 'ಆ್ಯನ್ ಅವರ್'. ಆ್ಯನ್ ಎಂಎಲ್‌ಎ, ಆ್ಯನ್ ಎಫ್‌ಐಆರ್, ಎಲ್ಲಾ ಹೀಗೇ.

ಒಂದು ಕಡೆ ಮಾತ್ರ ಹುಷಾರು. ನಾವು ಮಾತಾಡೋವಾಗ ಎಲೆಯನ್ನ 'ಯೆಲೆ' ಅಂತೀವಿ, ಒಲೆಯನ್ನ 'ವೊಲೆ' ಅಂತೀವಿ, ಅದೇ ಅಭ್ಯಾಸದಲ್ಲಿ ಮೊಟ್ಟೆ 'ಯೆಗ್' ಆಗಿಬಿಡುತ್ತೆ, ಎಂಎಲ್‌ಎ 'ಯೆಮ್ಮೆಲ್ಲೆ' ಆಗುತ್ತೆ. ಇಂಗ್ಲಿಷ್‌ನಲ್ಲಿ ಅಲ್ಲಿ ಯಕಾರ ಇಲ್ಲ, 'ಆ್ಯನ್ ಎಗ್' ಅಂತಲೇ ಅನ್ನಬೇಕು. ಉಲ್ಟಾ, ನಾವು 'ಒನ್' ಅಂತ ಬರೆಯೋ ಸಂಖ್ಯೆಯನ್ನ ಅವರು 'ವನ್' ಅಂತಾರೆ, ಹಾಗಾಗಿ 'ಎ ಒನ್-ರುಪೀ ಕಾಯಿನ್'.

ಪ್ರಶ್ನೆ: 'ಐ ಡಿಡ್ ನಾಟ್ ವೆಂಟ್' ಯಾಕೆ ತಪ್ಪು? ನಡೆದು ಹೋಗಿರೋ ವಿಷಯ ತಾನೇ?
– ಕಲಬುರಗಿಯ ಓದುಗರು

ಉತ್ತರ: 'ಹೋದೆ' ಅನ್ನೋದನ್ನ ಇಲ್ಲ ಅನ್ನಬೇಕಾದ್ರೆ ಏನಂತೀರಿ? 'ಹೋಗಲಿಲ್ಲ'. 'ಹೋದಲಿಲ್ಲ' ಅಂತ ಯಾರೂ ಅನ್ನಲ್ಲ. ಬಂದೆ, ಬರಲಿಲ್ಲ. ತಿಂದೆ, ತಿನ್ನಲಿಲ್ಲ. 'ಇಲ್ಲ' ಸೇರಿದ ಕೂಡಲೇ ಹೋದ, ಬಂದ, ತಿಂದ ಅನ್ನೋ ರೂಪ ಬಿಟ್ಟುಹೋಗುತ್ತೆ. ಇಂಗ್ಲಿಷ್‌ನಲ್ಲೂ 'ಡಿಡ್' ಬಂದ ಮೇಲೆ ಹಿಂದಿನ ಕಾಲದ ಭಾರ ಅದೇ ಹೊತ್ಕೊಳ್ಳುತ್ತೆ, ಆಮೇಲೆ ಬರೀ 'ಗೋ' ಸಾಕು. 'ಡಿಡ್ ನಾಟ್ ಗೋ'.

ಪ್ರಶ್ನೆ: 'ಪ್ರಿಪೋನ್' ಇಂಗ್ಲಿಷೇ ಅಲ್ಲ ಅಂತ ಆಫೀಸಲ್ಲಿ ಒಬ್ರು ಹೇಳಿದ್ರು. ನಿಜಾನಾ?
– ಬೆಂಗಳೂರಿನ ಓದುಗರು

ಉತ್ತರ: ಪ್ರಿಪೋನ್ ಅಂದ್ರೆ ಗೊತ್ತು ಮಾಡಿದ್ದಕ್ಕಿಂತ ಬೇಗ ಇಟ್ಕೊಳ್ಳೋದು, ಪೋಸ್ಟ್‌ಪೋನ್‌ನ ಉಲ್ಟಾ. ಅದು ಇಂಡಿಯನ್ ಇಂಗ್ಲಿಷ್ ಪದ, ಆಕ್ಸ್‌ಫರ್ಡ್ ಡಿಕ್ಷನರೀಲೂ ಇದೆ, ಇಲ್ಲಿಯವರ ಹತ್ರ ಧೈರ್ಯವಾಗಿ ಬಳಸಿ. ಹೊರದೇಶದವರಿಗೆ ಎಷ್ಟೋ ಸಲ ತಿಳಿಯಲ್ಲ, ಅವರು ಅದಕ್ಕೆ 'ಬ್ರಿಂಗ್ ಫಾರ್ವರ್ಡ್' ಅಂತಾರೆ. ಆದ್ರೆ ಇದರಲ್ಲೇ ನಮ್ಮವರು ಎಡವೋದು, ಯಾಕಂದ್ರೆ ಫಾರ್ವರ್ಡ್ ಅಂದ್ರೆ ಮುಂದಕ್ಕೆ, ಕನ್ನಡದಲ್ಲಿ ಮೀಟಿಂಗ್ 'ಮುಂದಕ್ಕೆ ಹಾಕಿದ್ರು' ಅಂದ್ರೆ ಇನ್ನೂ ತಡ ಆಯ್ತು ಅಂತ, ಇಂಗ್ಲಿಷ್‌ನಲ್ಲಿ ಫಾರ್ವರ್ಡ್ ತಂದ್ರು ಅಂದ್ರೆ ಬೇಗ ಆಯ್ತು ಅಂತ. ಅದಕ್ಕೇ ಅಂಥ ಮೇಲ್ ಬಂದಾಗ, ಬರೆಯೋವಾಗ್ಲೂ, ವಾರ ತಾರೀಖು ಎರಡೂ ಇದೆಯಾ ನೋಡ್ಕೊಳ್ಳಿ, ಇಲ್ಲದಿದ್ರೆ ಕೇಳಿಬಿಡಿ.