ಕಟ್ಟೆಗೆ ಹೋಗಲಿ ಬಿಡಿ, ತಾಯಿ

ತುಮಕೂರಿನ ಓದುಗರೊಬ್ಬರ ಪತ್ರ: ‘ನಮ್ಮ ಯಜಮಾನರು ರಿಟೈರ್ ಆಗಿ 2 ವರ್ಷ. ಶುಗರ್ ಇದೆ. ದಿನಾ 45 ನಿಮಿಷ ನಡೀರಿ ಅಂತ ಡಾಕ್ಟರು ಹೇಳಿದ್ದಾರೆ. ಇವರು ಅರಳಿಕಟ್ಟೆ ತನಕ ನಡೆದು, ಅಲ್ಲಿ ನಾಲ್ಕು ಜನರ ಜತೆ 2 ಗಂಟೆ ಕೂರುತ್ತಾರೆ. ಕಾಡುಹರಟೆಯಿಂದ ಆರೋಗ್ಯ ಬರುತ್ತಾ? ನಿಮ್ಮ ಪತ್ರಿಕೆ ತಪ್ಪದೆ ಓದ್ತಾರೆ, ನೀವಾದರೂ ಬುದ್ಧಿ ಹೇಳಿ.’

ನಡೆಯಬೇಕು, ನಿಜ. ಡಾಕ್ಟರ ಮಾತು ಮೀರಬಾರದು. ಕಟ್ಟೆಗೆ ನಾಲ್ಕು ಬೀದಿ ಸುತ್ತಿಕೊಂಡು ಹೋಗಲು ಹೇಳಿ, ಲೆಕ್ಕ ಸರಿಹೋಗುತ್ತದೆ. ಆದರೆ ಕಾಡುಹರಟೆ ಅಂದಿರಲ್ಲ, ಅದನ್ನು ಮಾತ್ರ ಒಪ್ಪಲಾರೆ.

ನಮ್ಮಪ್ಪನೂ ಕಟ್ಟೆ ಗಿರಾಕಿಯೇ. ಸಂಜೆ ಐದೂವರೆಗೆ ಹಾಜರಿ. ಅಮ್ಮ ನಿಮ್ಮ ಹಾಗೇ ಗೊಣಗುತ್ತಿದ್ದಳು. ಒಂದು ಸಂಜೆ ಎಲೆಗೆ ಸುಣ್ಣ ಹಚ್ಚುತ್ತಿದ್ದ ಅಪ್ಪನ ಬೆರಳು ಎಲೆ ಬಿಟ್ಟು ಪಂಚೆ ಮೇಲೆ ಓಡಾಡಿತಂತೆ. ಪಕ್ಕದಲ್ಲಿದ್ದ ಟೈಲರ್ ಗೆಳೆಯ ಮುಖ ನೋಡಿ, ‘ಲೇ, ಬಾಯಿ ಯಾಕೋ ಒಂದ್ ಕಡೆ ಎಳೀತಿದೆಯಲ್ಲೋ’ ಅಂದವರೇ ಆಟೋ ಕೂಗಿದರು. ಲಕ್ವ. ಬೇಗ ಹೋಗಿದ್ದಕ್ಕೆ ಕೈ ಉಳಿಯಿತು. ಅಪ್ಪ ಆ ಹೊತ್ತು ಮನೆಯಲ್ಲಿದ್ದಿದ್ದರೆ? ನಾವೆಲ್ಲ ಟೀವಿ ನೋಡುತ್ತಿದ್ದೆವು.

ಇದು ನನ್ನೊಬ್ಬನ ಹಟವಲ್ಲ. ಅಮೆರಿಕದಲ್ಲಿ 1997ರಲ್ಲಿ ಶೆಲ್ಡನ್ ಕೋಹೆನ್ ಎಂಬುವರು 276 ಜನರ ಮೂಗಿಗೆ ನೆಗಡಿ ವೈರಸ್ಸಿನ ಹನಿ ಬಿಟ್ಟು ಕೂರಿಸಿದರು. ಗೆಳೆಯರು, ನೆಂಟರು, ಸಂಘ ಅಂತ ನಾಲ್ಕಾರು ಕಡೆ ಬಳಕೆ ಇದ್ದವರಿಗೆ ನೆಗಡಿ ಕಮ್ಮಿ ಹತ್ತಿತು. ನಮ್ಮ ಮಂಡ್ಯ ಜಿಲ್ಲೆ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ ಅಲ್ಲಿ ಸರ್ಜನ್ ಜನರಲ್, ಅಂದರೆ ದೇಶದ ಜನರಿಗೆ ಆರೋಗ್ಯದ ಬುದ್ಧಿ ಹೇಳುವ ಸರ್ಕಾರಿ ಮುಖ್ಯ ಡಾಕ್ಟರು, ಆಗಿದ್ದಾಗ, 2023ರಲ್ಲಿ, ಜನರ ಒಡನಾಟ ಇಲ್ಲದ ಬದುಕನ್ನು ದಿನಕ್ಕೆ 15 ಸಿಗರೇಟಿಗೆ ಹೋಲಿಸಿದರು. ಯಜಮಾನರು ಸಿಗರೇಟು ಹಚ್ಚಿದರೆ ಬೈಯುತ್ತೀರಿ. ಕಟ್ಟೆ ಬಿಡಿಸಲು ಮಾತ್ರ ನನ್ನ ಸಹಾಯ ಕೇಳುತ್ತೀರಿ!

ನಾವು ಬಿಡಿಸುವುದೇ ಬೇಡ, ಊರೇ ಬಿಡಿಸುತ್ತಿದೆ. ರಸ್ತೆ ಅಗಲವಾಗುವಾಗ ಮೊದಲು ಹೋಗುವುದು ಕಟ್ಟೆ. ಪಾರ್ಕಿಗೆ ಮಧ್ಯಾಹ್ನ ಬೀಗ. ಅಂಗಡಿ ಮುಂದಿನ ಕಲ್ಲಿಗೆ ಕಬ್ಬಿಣದ ಮುಳ್ಳು. ಹೋಟೆಲಲ್ಲಿ ಕಾಫಿ ನಿಂತೇ ಕುಡಿಯಬೇಕು. ಸುಮ್ನೆ ಕೂತವರನ್ನು ಕಂಡರೆ ಈಗ ಯಾಕಿಷ್ಟು ಸಿಟ್ಟೋ.

ಇನ್ನೊಂದು ವಿಷಯ. ನಿಮ್ಮ ಪತ್ರ ಎರಡು ಪುಟ ಇದೆ, ಇಲ್ಲಿ ಹಾಕಿದ್ದು ಸ್ವಲ್ಪ. ಯಜಮಾನರ ನಾಲ್ಕೂ ಗೆಳೆಯರ ಜಾತಕ ಬರೆದಿದ್ದೀರಿ. ನಿಮ್ಮ ಗೆಳತಿ ಒಬ್ಬಳ ಹೆಸರೂ ಇಲ್ಲ. ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯಲ್ಲಿ ಸುಮಾರು 7,000 ಜನರನ್ನು 9 ವರ್ಷ ಗಮನಿಸಿ, 1979ರಲ್ಲಿ ಲೆಕ್ಕ ಪ್ರಕಟಿಸಿದರು. ನಂಟು ಜಾಸ್ತಿ ಇದ್ದವರಿಗಿಂತ ತೀರಾ ಕಮ್ಮಿ ಇದ್ದವರಿಗೆ ಸಾವಿನ ಅಪಾಯ ಗಂಡಸರಲ್ಲಿ 2.3 ಪಟ್ಟು. ಹೆಂಗಸರಲ್ಲಿ 2.8. ನಮ್ಮಮ್ಮನಿಗೆ ಬೀದಿ ನಲ್ಲಿ ಇತ್ತು, ಬೇಸಿಗೆಯಲ್ಲಿ ಹಪ್ಪಳ ಒತ್ತುವ ಗುಂಪಿತ್ತು. ನಲ್ಲಿ ಮನೆಯೊಳಗೆ ಬಂತು, ಹಪ್ಪಳ ಪ್ಯಾಕೆಟ್ಟಿಗೆ ಹೋಯಿತು. ಅನುಕೂಲವೇ, ಇಲ್ಲ ಅನ್ನಲ್ಲ. ಆದರೆ ಅರಳಿಕಟ್ಟೆ ಮೇಲೆ ಹೆಂಗಸರು ಕಾಲು ಚಾಚಿ ಕೂತಿದ್ದನ್ನು ನಾನಂತೂ ಕಂಡಿಲ್ಲ.

ಸಂಜೆ ಐದೂವರೆಗೆ ನೀವು ಎಲ್ಲಿರುತ್ತೀರಿ? ಮುಂದಿನ ಪತ್ರದಲ್ಲಿ ಅದನ್ನು ಬರೆಯಿರಿ. ಹೇಗೂ ಆ 2 ಗಂಟೆ ನಿಮ್ಮ ಮನೆ ಜಗಲಿ ಖಾಲಿ ಇರುತ್ತೆ, ಅಲ್ವಾ?