ಪಾಂಡಾ ಕರಡಿಯೋ, ಅಲ್ಲವೋ?

ಪ್ರಶ್ನೆ: ಯಾವ ಪ್ರಾಣಿ ಯಾವುದಕ್ಕೆ ಹತ್ತಿರದ ಸಂಬಂಧಿ ಅಂತ ತಿಳಿಯಲು ಮೈಕಟ್ಟು, ನಡವಳಿಕೆ, ಡಿಎನ್‌ಎ ಮೂರನ್ನೂ ನೋಡುತ್ತಾರಂತೆ. ಮೂರೂ ಬೇರೆ ಬೇರೆ ಹೇಳಿದರೆ ಯಾವುದನ್ನು ನಂಬುವುದು? ಡಿಎನ್‌ಎ ಇರುವಾಗ ಉಳಿದದ್ದು ಯಾಕೆ ಬೇಕು?

ಉತ್ತರ: ಇದೇ ವಿಷಯಕ್ಕೆ ನೂರು ವರ್ಷಕ್ಕೂ ಜಾಸ್ತಿ ಎಳೆದಾಡಿದ ಜಗಳ ಒಂದಿದೆ, ಚೀನಾದ ದೈತ್ಯ ಪಾಂಡಾದ್ದು. 1869ರಲ್ಲಿ ಫ್ರೆಂಚ್ ಪಾದ್ರಿ ಅರ್ಮಾಂ ಡೇವಿಡ್ ಅದನ್ನು ಕರಡಿ ಅಂತಲೇ ವರ್ಣಿಸಿದರು. ಮರುವರ್ಷವೇ ಪ್ಯಾರಿಸ್ಸಿನ ಪ್ರಾಣಿಶಾಸ್ತ್ರಜ್ಞ ಅಲ್ಫೋನ್ಸ್ ಮಿಲ್ನ್-ಎಡ್ವರ್ಡ್ಸ್ ಮೂಳೆ, ಹಲ್ಲು ನೋಡಿ, ಇದು ಕೆಂಪು ಪಾಂಡಾದ (ಹಿಮಾಲಯದ ಕಡೆಯ, ಬೆಕ್ಕಿಗಿಂತ ತುಸು ದೊಡ್ಡ ಪ್ರಾಣಿ) ಕಡೆಯದು ಅಂದರು. ಅವರ ಮಾತೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಎರಡೂ ಬಿದಿರು ತಿನ್ನುತ್ತವೆ, ಎರಡರ ಮಣಿಕಟ್ಟಿನಲ್ಲೂ ಒಂದು ಸಣ್ಣ ಮೂಳೆ ಉದ್ದವಾಗಿ ಬೆಳೆದು ಹೆಬ್ಬೆರಳಿನ ಕೆಲಸ ಮಾಡುತ್ತದೆ. ನಡವಳಿಕೆಯೂ ಕರಡಿ ವಾದಕ್ಕೆ ಕೈಕೊಟ್ಟಿತು: ದೈತ್ಯ ಪಾಂಡಾ ಚಳಿಗಾಲದ ದೀರ್ಘ ನಿದ್ದೆಗೆ ಹೋಗುವುದಿಲ್ಲ, ಕುರಿಯ ಹಾಗೆ ಅರಚುತ್ತದೆ.

1964ರಲ್ಲಿ ಅಂಗರಚನಾ ತಜ್ಞ ಡ್ವೈಟ್ ಡೇವಿಸ್ ಅದರ ಅಂಗಾಂಗಗಳನ್ನೆಲ್ಲ ಕೂಲಂಕಷವಾಗಿ ಹೋಲಿಸಿ, ಕರಡಿಯೇ ಅಂತ ಹೇಳಿದರು. 1985ರಲ್ಲಿ ತಳಿವಿಜ್ಞಾನಿ ಸ್ಟೀಫನ್ ಓಬ್ರಿಯನ್ ತಂಡ ಡಿಎನ್‌ಎ, ಪ್ರೋಟೀನು, ಕ್ರೋಮೋಸೋಮು (ಜೀವಕೋಶದೊಳಗೆ ಡಿಎನ್‌ಎ ಸುತ್ತಿಕೊಂಡಿರುವ ಎಳೆಗಳು) ನೋಡಿ ಅದನ್ನೇ ಹೇಳಿತು. ಇಲ್ಲೊಂದು ತಮಾಷೆ ಇದೆ. ಹೆಚ್ಚಿನ ಕರಡಿಗಳಿಗೆ 74 ಕ್ರೋಮೋಸೋಮ್, ದೈತ್ಯ ಪಾಂಡಾಕ್ಕೆ 42, ಕೆಂಪು ಪಾಂಡಾಕ್ಕೆ 36. ಬರೀ ಎಣಿಸಿದರೆ ಯಾರ ಪಕ್ಷ ಗೆಲ್ಲುತ್ತದೆ ಹೇಳಿ! ಆದರೆ ಕ್ರೋಮೋಸೋಮ್‌ಗಳ ಮೇಲಿನ ಪಟ್ಟೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ, ಕರಡಿಯ ಕ್ರೋಮೋಸೋಮ್‌ಗಳೇ ಎರಡೆರಡು ಅಂಟಿಕೊಂಡು ಪಾಂಡಾದಲ್ಲಿ ಸಂಖ್ಯೆ ಇಳಿದಿತ್ತು ಅಂತ ಗೊತ್ತಾಯಿತು.

ಅಂದರೆ ಯಾವ ಸಾಕ್ಷಿ ಅನ್ನುವುದಕ್ಕಿಂತ, ಹೋಲಿಕೆ ಎಲ್ಲಿಂದ ಬಂತು ಅನ್ನುವುದು ಮುಖ್ಯ. ಒಂದೇ ಪೂರ್ವಜನಿಂದ ಬಂದ ಹೋಲಿಕೆ ಸಂಬಂಧ ತೋರಿಸುತ್ತದೆ, ಒಂದೇ ಥರ ಬದುಕಿದ್ದರಿಂದ ಬಂದದ್ದು ತೋರಿಸುವುದಿಲ್ಲ. ಆ ಸುಳ್ಳು ಹೆಬ್ಬೆರಳು ಎರಡು ಪಾಂಡಾಗಳಲ್ಲಿ ಬೇರೆ ಬೇರೆಯಾಗಿಯೇ ಹುಟ್ಟಿದ್ದು. ಕೆಂಪು ಪಾಂಡಾಕ್ಕೆ ಈಗ ಅದರದ್ದೇ ಪ್ರತ್ಯೇಕ ಕುಟುಂಬವಿದೆ.

ನಡವಳಿಕೆಯಲ್ಲಿ ಕಲಿತದ್ದಕ್ಕಿಂತ ಹುಟ್ಟಿನಿಂದ ಬಂದದ್ದಕ್ಕೆ ಬೆಲೆ ಜಾಸ್ತಿ. ಪ್ರಾಣಿಗಳ ನಡವಳಿಕೆಯ ತಜ್ಞ ಕೊನ್ರಾಡ್ ಲೊರೆಂಜ್ 1941ರಲ್ಲಿ ಬಾತುಕೋಳಿಗಳು ಜೊತೆಗಾರರನ್ನು ಒಲಿಸಿಕೊಳ್ಳುವಾಗ ಮಾಡುವ ಚಲನೆಗಳನ್ನು ಹೋಲಿಸಿಯೇ ಅವುಗಳ ಸಂಬಂಧ ಬಿಡಿಸಲು ಹೊರಟಿದ್ದರು. ಆದರೂ ಮೂರರಲ್ಲಿ ನಡವಳಿಕೆಯೇ ದುರ್ಬಲ ಸಾಕ್ಷಿ ಅಂತ ನನ್ನ ಅನಿಸಿಕೆ.

ಹಾಗಾದರೆ ಡಿಎನ್‌ಎ ಒಂದೇ ಸಾಕಲ್ವಾ? ಬದುಕಿರುವ ಪ್ರಾಣಿಗಳಿಗೆ ಬಹುಪಾಲು ಸಾಕು. ಸತ್ತವುಗಳ ಕಥೆ ಬೇರೆ. ಇಲ್ಲಿಯವರೆಗೆ ಓದಲು ಸಿಕ್ಕ ಅತಿ ಹಳೆಯ ಡಿಎನ್‌ಎ ಗ್ರೀನ್‌ಲ್ಯಾಂಡಿನ ಮಣ್ಣಿನದು, ಸುಮಾರು 20 ಲಕ್ಷ ವರ್ಷದ ಹಿಂದಿನದು. ಅದಕ್ಕಿಂತ ಹಿಂದಕ್ಕೆ ಹೋದರೆ ಬಹುಪಾಲು ಮೂಳೆಯೇ ಗತಿ. ತಿಮಿಂಗಿಲಕ್ಕೆ ಅತಿ ಹತ್ತಿರದ ಸಂಬಂಧಿ ನೀರಾನೆ ಅಂತ 1990ರ ದಶಕದಲ್ಲಿ ಡಿಎನ್‌ಎ ಹೇಳಿದಾಗ ಪಳೆಯುಳಿಕೆ ತಜ್ಞರು ಹಲವರು ಒಪ್ಪಲಿಲ್ಲ. 2001ರಲ್ಲಿ ಪಾಕಿಸ್ತಾನದಲ್ಲಿ ಸಿಕ್ಕ, ಕಾಲುಗಳಿದ್ದ ಆದಿ ತಿಮಿಂಗಿಲಗಳ ವಿವರ ಪ್ರಕಟವಾಯಿತು. ಅವುಗಳ ಹಿಂಗಾಲಿನ ಗಿಣ್ಣಿನ ಮೂಳೆಯ ಎರಡೂ ತುದಿ ರಾಟೆಯ ಆಕಾರದಲ್ಲಿದ್ದವು. ಅಂಥ ಗಿಣ್ಣು ಇರುವುದು ಹಸು, ಹಂದಿ, ಜಿಂಕೆ, ನೀರಾನೆಗಳ ಗುಂಪಿನಲ್ಲಿ ಮಾತ್ರ. ಅಂದರೆ ತಿಮಿಂಗಿಲ ಆ ಗುಂಪಿನ ಕಡೆಯದೇ ಅಂತ ಮೂಳೆಯೂ ಹೇಳಿತು.